ಪ್ರಾಮಾಣಿಕವಾಗಿ ಬರೆದ ಪರೀಕ್ಷೆ ರದ್ದಾದ ಮೇಲೆ

ಪ್ರಶ್ನೆ: ನಾನು ಗದಗ ಜಿಲ್ಲೆಯ ಹಳ್ಳಿಯೊಂದರವಳು. ವಯಸ್ಸು 29, ಬಿ.ಎಸ್ಸಿ. ಓದಿದ್ದೇನೆ. 2021ರ ಪಿಎಸ್‌ಐ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಬರೆದು ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಬಂದಿದ್ದೆ. ಊರವರು ನನ್ನ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ಅಕ್ರಮ ಹೊರಬಿದ್ದು ನೇಮಕಾತಿ ರದ್ದಾದಾಗ ಅದೇ ಜನ ‘ನೀ ಎಷ್ಟು ಕೊಟ್ಟಿದ್ದಿ?’ ಎಂದು ಕೇಳಿದರು. ಆ ಫ್ಲೆಕ್ಸನ್ನು ಅಪ್ಪ ಮಡಿಚಿ ಜೋಳದ ಚೀಲಗಳ ಹಿಂದೆ ಇಟ್ಟಿದ್ದಾರೆ, ಎಸೆಯಲು ಬಿಡುವುದಿಲ್ಲ. ಮರುಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ಹುದ್ದೆ ತಪ್ಪಿತು. ಈಗಲೂ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ, ಸಂಜೆ ನಾಲ್ಕಾರು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುವ ತಮ್ಮ ಬಾಡಿಗೆ ಕಳಿಸುತ್ತಾನೆ. ಪುಸ್ತಕ ತೆರೆದರೆ ತಲೆಗೆ ಹತ್ತುವುದಿಲ್ಲ. ಕೆಲವು ದಿನ ಬೆಳಗಾಗುವುದೇ ಬೇಡ ಅನ್ನಿಸುತ್ತದೆ. ಪ್ರಾಮಾಣಿಕಳಾಗಿದ್ದದ್ದೇ ತಪ್ಪೇ? ಇನ್ನೂ ಆಸೆ ಇಟ್ಟುಕೊಳ್ಳಬೇಕೇ?

ಉತ್ತರ: ಬೆಳಗಾಗುವುದೇ ಬೇಡ ಅನ್ನಿಸುತ್ತದೆ ಎಂದು ನೀವು ಬರೆದಿರುವ ಸಾಲಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹುದ್ದೆ, ಪರೀಕ್ಷೆ ಎಲ್ಲವೂ ಅದರ ನಂತರದ ಮಾತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಈ ಪತ್ರ ಓದಿ ಮುಗಿಸಿದ ದಿನವೇ ಕರೆ ಮಾಡಿ. ಓದು ತಲೆಗೆ ಹತ್ತದಿರುವುದನ್ನು ಸೋಮಾರಿತನವೆಂದು ನೀವು ಎಣಿಸಿಕೊಂಡಿರಬಹುದು. ಇಷ್ಟು ದೀರ್ಘಕಾಲ ಭಾರ ಹೊತ್ತ ಮನಸ್ಸು ದಣಿದಾಗಲೂ ಹಾಗೆಯೇ ಆಗುತ್ತದೆ, ಮತ್ತು ಅದಕ್ಕೆ ಚಿಕಿತ್ಸೆಯಿದೆ.

ಇನ್ನು ಅನ್ಯಾಯದ ವಿಚಾರ. ನಿಮಗೆ ಅನ್ಯಾಯವಾಗಿದೆ. ‘ಆದದ್ದೆಲ್ಲ ಒಳ್ಳೆಯದಕ್ಕೇ’ ಎಂದು ಹೇಳಿ ಅದನ್ನು ಮರೆಸಲು ನನಗೆ ಮನಸ್ಸಿಲ್ಲ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದುಪಡಿಸಿತು, ಆ ನಿರ್ಧಾರವನ್ನು ಹೈಕೋರ್ಟ್ ಎತ್ತಿಹಿಡಿದದ್ದು 2023ರ ನವೆಂಬರ್‌ನಲ್ಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿ 23ರಂದು. ಒಎಂಆರ್ ಉತ್ತರ ಹಾಳೆಗಳನ್ನು ತಿದ್ದಿದವರ, ಬ್ಲೂಟೂತ್ ಕಿವಿಗಿಟ್ಟುಕೊಂಡು ಕುಳಿತವರ ತಪ್ಪಿಗೆ ನಿಮ್ಮ ಎರಡು ವರ್ಷಕ್ಕೂ ಮಿಕ್ಕಿದ ಹರೆಯ ಹೋಯಿತು. ಕಳಂಕಿತರನ್ನೂ ನಿಷ್ಕಳಂಕರನ್ನೂ ಬೇರ್ಪಡಿಸಲಾಗದಷ್ಟು ಇಡೀ ಪ್ರಕ್ರಿಯೆಯೇ ಕೆಟ್ಟಿದ್ದರೆ ಎಲ್ಲವನ್ನೂ ರದ್ದುಪಡಿಸಬೇಕಾಗುತ್ತದೆ ಎಂಬುದು ನಮ್ಮ ನ್ಯಾಯಾಲಯಗಳು ಒಪ್ಪಿಕೊಂಡು ಬಂದಿರುವ ತತ್ವ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಸುಮಾರು 25 ಸಾವಿರ ಶಾಲಾ ಶಿಕ್ಷಕರ ಮತ್ತು ಸಿಬ್ಬಂದಿಯ ನೇಮಕಾತಿ ರದ್ದುಪಡಿಸಿದ್ದೂ ಇದೇ ನೆಲೆಯಲ್ಲಿ, ಮತ್ತು ಅವರಲ್ಲಿ ಒಂದು ರೂಪಾಯಿ ಕೊಡದೆ ಕೆಲಸ ಪಡೆದವರೂ ಇದ್ದರು. ವ್ಯವಸ್ಥೆಯನ್ನು ಉಳಿಸಲು ಅದು ಅನಿವಾರ್ಯವಿರಬಹುದು, ಆದರೆ ನಿರಪರಾಧಿಗಳು ತೆತ್ತ ಬೆಲೆಯನ್ನು ಯಾರೂ ಮರಳಿಸುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಹಾಗೆಂದು ಪ್ರಾಮಾಣಿಕತೆ ನಿಮ್ಮ ತಪ್ಪಾಗುವುದಿಲ್ಲ. ರದ್ದತಿಯ ಆದೇಶ ಪರೀಕ್ಷೆ ನಡೆದ ರೀತಿಯ ಬಗ್ಗೆ ತೀರ್ಪು ಕೊಟ್ಟಿತೇ ಹೊರತು ನಿಮ್ಮ ಬಗ್ಗೆ ಕೊಡಲಿಲ್ಲ. ಊರವರು ಈ ಎರಡನ್ನೂ ಒಂದು ಮಾಡಿದರು, ಕಾಲ ಕಳೆದಂತೆ ನೀವೂ ಹಾಗೆಯೇ ನೋಡತೊಡಗಿದ್ದೀರಿ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ನಿಮ್ಮ ತಂದೆ ಮಾತ್ರ ಹಾಗೆ ನೋಡಿಲ್ಲ, ಆ ಫ್ಲೆಕ್ಸನ್ನು ಅವರು ಎಸೆಯಲೊಲ್ಲದಿರುವುದಕ್ಕೆ ಬೇರೆ ಕಾರಣ ನನಗಂತೂ ಕಾಣುವುದಿಲ್ಲ. ‘ಎಷ್ಟು ಕೊಟ್ಟಿದ್ದಿ’ ಎಂದವರಿಗೆ ‘ಏನೂ ಕೊಟ್ಟಿಲ್ಲ’ ಎಂದು ಒಮ್ಮೆ ಹೇಳಿ ಸುಮ್ಮನಾಗಿ. ಅವರನ್ನು ನಂಬಿಸುವ ಹೊಣೆ ನಿಮ್ಮದಲ್ಲ, ಅದಕ್ಕಾಗಿಯೇ ಪಿಎಸ್‌ಐ ಆಗಿ ತೋರಿಸಬೇಕಾಗಿಯೂ ಇಲ್ಲ. ನಿಜ ಹೇಳಬೇಕೆಂದರೆ, ಪತ್ರವನ್ನು ಮತ್ತೆ ಮತ್ತೆ ಓದಿದಾಗ ನಿಮಗೆ ಆ ಕೆಲಸದ ಮೇಲಿನ ಆಸೆಗಿಂತ ಕಳೆದುಹೋದ ಮರ್ಯಾದೆಯನ್ನು ಮರಳಿ ಪಡೆಯುವ ಹಂಬಲವೇ ದೊಡ್ಡದಾಗಿ ಕಂಡಿತು. ಠಾಣೆಯ ಕೆಲಸ ಹೇಗಿರುತ್ತದೆ, ಅದರಲ್ಲಿ ನಿಮಗೆ ಏನು ಇಷ್ಟ ಎಂಬ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ನನ್ನ ಊಹೆ ತಪ್ಪಿರಲೂಬಹುದು. ನೀವೇ ನಾಲ್ಕು ದಿನ ಕುಳಿತು ಯೋಚಿಸಿ.

ಆಸೆ ಬಿಡಿ ಎಂದು ನಾನು ಹೇಳಲಾರೆ. ಆದರೆ ಗಡುವಿಲ್ಲದ ಕಾಯುವಿಕೆ ನಿಮ್ಮನ್ನು ತಿನ್ನುತ್ತಿದೆ. ಇನ್ನು ಒಂದೇ ನೇಮಕಾತಿಗೆ ಪ್ರಯತ್ನಿಸುವುದೋ ಅಥವಾ ಬರುವ ವರ್ಷದ ಇಂಥ ತಿಂಗಳವರೆಗೆ ಓದುವುದೋ ಎಂಬುದನ್ನು ಅಧಿಸೂಚನೆ ಹೊರಬೀಳುವ ಮೊದಲೇ ನಿರ್ಧರಿಸಿ, ಅಪ್ಪನಿಗೂ ತಮ್ಮನಿಗೂ ಬಾಯಿಬಿಟ್ಟು ಹೇಳಿ. ನಮ್ಮಲ್ಲಿ ಅಧಿಸೂಚನೆಗಳು ಯಾವಾಗ ಬರುತ್ತವೆ, ಬಂದವು ಯಾವಾಗ ಮುಗಿಯುತ್ತವೆ ಎಂಬುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಗಡುವು ಮಾತ್ರ ನಿಮ್ಮ ಕೈಯಲ್ಲಿದೆ. ಅಲ್ಲಿಯವರೆಗೆ ಇಡೀ ದಿನ ಓದುವ ಬದಲು ಅರ್ಧ ದಿನ ದುಡಿಯಿರಿ. ಮಕ್ಕಳಿಗೆ ಗಣಿತ ಹೇಳುವುದನ್ನು ನೀವು ಪತ್ರದಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅದನ್ನು ಕೆಲಸವೆಂದೇ ಎಣಿಸಿಲ್ಲ. ಗಣಿತ ಚೆನ್ನಾಗಿ ಹೇಳಿಕೊಡುವವರು ಹಳ್ಳಿಯ ಶಾಲೆಗಳಿಗೂ ತಾಲ್ಲೂಕು ಊರುಗಳ ಮಕ್ಕಳಿಗೂ ಎಷ್ಟು ಬೇಕಾಗಿದ್ದಾರೆ ಎಂಬುದು ನಿಮಗೇ ಗೊತ್ತು. ಬಿ.ಇಡಿ.ಗೆ ಎರಡು ವರ್ಷ ಬೇಕು. 29ನೆಯ ವಯಸ್ಸಿಗೆ ಅದು ತಡವೇನಲ್ಲ.

ಕೊನೆಯದಾಗಿ, ನೀವು ಕೇಳದ ಒಂದು ಮಾತು. ಡಿಪ್ಲೊಮಾ ಅರ್ಧಕ್ಕೆ ಬಿಟ್ಟ ನಿಮ್ಮ ತಮ್ಮ ಮಳೆಬಿಸಿಲೆನ್ನದೆ ಗಾಡಿ ಓಡಿಸಿ ಬಾಡಿಗೆ ಕಳಿಸುತ್ತಿದ್ದಾನೆ. ಅವನು ಬಾಯಿಬಿಟ್ಟು ಏನನ್ನೂ ಕೇಳಿಲ್ಲದಿರಬಹುದು. ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ. ನ್ಯಾಯದ ಲೆಕ್ಕವನ್ನು ಇಷ್ಟು ನೋವಿನಿಂದ ಹಾಕುವ ನಿಮಗೆ ಅವನ ಪಾಲೂ ಕಾಣದೆ ಇರಲಾರದು. ಗಡುವಿನ ಬಗ್ಗೆ ಮಾತನಾಡುವಾಗ ಡಿಪ್ಲೊಮಾ ಮುಗಿಸುವ ಮನಸ್ಸು ಅವನಿಗೆ ಇನ್ನೂ ಇದೆಯೇ ಎಂದು ಕೇಳಿ. ಇದೆ ಎಂದರೆ, ಬಾಕಿ ವಿಷಯಗಳ ಪರೀಕ್ಷೆಗೆ ಕೂರಲು ಇನ್ನೂ ಅವಕಾಶವಿದೆಯೇ ಎಂದು ಅವನು ಓದಿದ ಕಾಲೇಜಿನ ಕಚೇರಿಯಲ್ಲಿ ನೀವೇ ಹೋಗಿ ವಿಚಾರಿಸಿ, ಟ್ಯೂಷನ್ನಿನ ಹಣದಲ್ಲಿ ಅವನ ಶುಲ್ಕಕ್ಕೆಂದು ಈ ತಿಂಗಳಿನಿಂದಲೇ ಸ್ವಲ್ಪ ತೆಗೆದಿಡಿ.