ಕುಷ್ಟಗಿಯಿಂದ ಕೊಲೊರಾಡೊಗೆ ಹೊರಟ ತಮ್ಮನಿಗೆ

ತಮ್ಮಾ, ಅಂತರ್ಜಲ ವಿಜ್ಞಾನದ ಸಂಶೋಧನೆಗೆ ಕೊಲೊರಾಡೊದ ಗೋಲ್ಡನ್ ಪಟ್ಟಣದಲ್ಲಿ ಪ್ರವೇಶ ಸಿಕ್ಕಿದೆಯೆಂದು ತಿಳಿಸಿ, ಅಲ್ಲಿನ ಚಳಿ, ಊಟ, ಮುಂದೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ನೌಕರಿ ಸಿಗುವ ಸಾಧ್ಯತೆ ಇವನ್ನೆಲ್ಲ ಕೇಳಿದ್ದೀಯ. ಎಂ.ಎಸ್ಸಿ. ಪ್ರಬಂಧಕ್ಕೆಂದು ಕುಷ್ಟಗಿ ತಾಲ್ಲೂಕಿನ ಬೋರ್‌ವೆಲ್‌ಗಳಿಂದ ಸಂಗ್ರಹಿಸಿದ ಫ್ಲೋರೈಡ್ ಅಂಕಿಗಳಿಗೆ ನಾನಿರುವ ಈ ಅಮೆರಿಕದಲ್ಲಿ ಬೆಲೆಯಿದೆಯೇ ಎಂಬುದು ನಿನ್ನ ಕೊನೆಯ ಪ್ರಶ್ನೆ. ನಾನು ಯಲಬುರ್ಗಾ ಕಡೆಯವನಾದ್ದರಿಂದ ಆ ಪ್ರಶ್ನೆಯಲ್ಲೇ ಮನಸ್ಸು ನಿಂತಿದೆ. ಉಳಿದವಕ್ಕೆ ಚಿಕ್ಕದಾಗಿ ಉತ್ತರಿಸುತ್ತೇನೆ.

ದಪ್ಪ ಕೋಟು, ಬೂಟುಗಳನ್ನು ಇಲ್ಲಿಗೆ ಬಂದ ಮೇಲೆಯೇ ಕೊಂಡುಕೋ. ಊರು ಸಮುದ್ರಮಟ್ಟದಿಂದ 1,700 ಮೀಟರಿಗೂ ಎತ್ತರದಲ್ಲಿದ್ದು ಗಾಳಿ ಬಹಳ ಒಣಗಿರುತ್ತದೆ. ಬಾಯಾರಿಕೆಯಾಗದಿದ್ದರೂ ನೀರು ಕುಡಿಯುತ್ತಿರಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತರಬಹುದು, ಆದರೆ ತಿನಿಸು ತಂದಿದ್ದೇನೆ ಎಂದು ವಿಮಾನ ನಿಲ್ದಾಣದಲ್ಲಿ ಮುಚ್ಚಿಡದೆ ತಿಳಿಸು. ಹೊಲದ ಮಣ್ಣನ್ನು ಮಾತ್ರ ಚಿಟಿಕೆಯಷ್ಟೂ ತರಬೇಡ, ಪರವಾನಗಿ ಇಲ್ಲದೆ ಅದನ್ನು ಒಳಗೆ ಬಿಡುವುದಿಲ್ಲ. ಕಲ್ಲಿನ ಮಾದರಿಗಳನ್ನು ಮಣ್ಣು ಉಳಿಯದಂತೆ ತೊಳೆದು ತಾ. ನೌಕರಿಯ ವಿಷಯದಲ್ಲಿ, ಸರ್ವೇಕ್ಷಣಾ ಸಂಸ್ಥೆಯಂಥ ಕೇಂದ್ರ ಸರ್ಕಾರದ ಕಾಯಂ ಹುದ್ದೆಗಳು ಬಹುಪಾಲು ಇಲ್ಲಿನ ಪೌರರಿಗೇ ಮೀಸಲು. ವಿಶ್ವವಿದ್ಯಾಲಯದ ಯೋಜನೆಗಳ ಮೂಲಕ ಅವರ ಜೊತೆ ಕೆಲಸ ಮಾಡಲು ಬರುತ್ತದೆ, ನಾನೂ ಹಾಗೆಯೇ ಕಲಿತವನು. ಆದರೂ ಸಾಲ ಮಾಡಿ ಕಳಿಸುತ್ತಿರುವ ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳು.

ಇನ್ನು ನಿನ್ನ ಅಂಕಿಗಳು. ನಾನು ಬಂದ ಮೊದಲ ವರ್ಷ ನಮ್ಮನ್ನು ಪೈಕ್ಸ್ ಪೀಕ್ ಬೆಟ್ಟದ ಬುಡಕ್ಕೆ ಕರೆದೊಯ್ದಿದ್ದರು. ಅಲ್ಲಿನ ಗ್ರಾನೈಟಿನ ದಪ್ಪ ಹರಳುಗಳ ನಸುಗೆಂಪು ಕಂಡು ಇಳಕಲ್ಲಿನ ಕ್ವಾರಿಯಲ್ಲೇ ನಿಂತಂತಾಯಿತು. ಆ ಬಂಡೆಗೆ ಸುಮಾರು 108 ಕೋಟಿ ವರ್ಷ, ನಮ್ಮ ಕೊಪ್ಪಳ, ಗಂಗಾವತಿ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ವಯಸ್ಸು ಬೇರೆಯಾದರೂ ನೀರಿಗೆ ಮಾಡುವ ಕೇಡು ಒಂದೇ. 1901ರಲ್ಲಿ ಅಲ್ಲಿನ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಆ ಊರಿನಲ್ಲೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲಿನ ಕಂದು ಕಲೆಯ ಕಾರಣವನ್ನು ವರ್ಷಗಟ್ಟಲೆ ಹುಡುಕಿದರು. ಅದು ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ಆ ಕಲೆಯ ಬಗ್ಗೆ ನಿನಗೆ ನಾನು ಹೇಳಬೇಕಾಗಿಲ್ಲ. ನನ್ನ ಜೊತೆ ಶಾಲೆಯಲ್ಲಿ ಕೂತವರು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದರು.

ಕಲ್ಲಿನೊಳಗಿನ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿಂದ ಫ್ಲೋರೈಡ್ ಬಿಡುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದು ಕರಗಿಯೇ ಉಳಿಯುತ್ತದೆ. ಹಾಗಾಗಿ ಫ್ಲೋರೈಡನ್ನು ಒಂಟಿಯಾಗಿ ಓದಬೇಡ. ಇಲ್ಲಿನ ಮಿತಿಯನ್ನು ನಮ್ಮೂರಿಗೆ ಅನ್ವಯಿಸಲೂ ಬೇಡ: ಇಲ್ಲಿ ಕಾನೂನಿನ ಮಿತಿ ಲೀಟರಿಗೆ 4 ಮಿಲಿಗ್ರಾಂ, ನಮ್ಮಲ್ಲಿ 1, ಬೇರೆ ನೀರಿಲ್ಲದಿದ್ದರೆ 1.5. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ದುಡಿದು ತಂಬಿಗೆಗಟ್ಟಲೆ ನೀರು ಕುಡಿಯುವವರ ಮೈ ಸೇರುವ ಪ್ರಮಾಣವೇ ಬೇರೆ.

ನನಗೆ ಇಲ್ಲಿ ಕಠಿಣವಾಗಿ ತಟ್ಟಿದ ಪಾಠ ಒಬ್ಬ ರೈತನ ಬಾವಿಯ ಬಳಿ ಸಿಕ್ಕಿತು. ಉಷ್ಣಾಂಶ, ಪಿಎಚ್, ವಿದ್ಯುತ್ ವಾಹಕತೆಯ ಅಂಕಿಗಳು ಅಲುಗಾಡದೆ ನಿಲ್ಲುವವರೆಗೂ ಪಂಪು ಓಡಿಸಿ, 0.45 ಮೈಕ್ರಾನ್ ಸೋಸುಕದಲ್ಲಿ ನೀರು ಸೋಸಿ, ಲೋಹಗಳ ಪರೀಕ್ಷೆಯ ಬಾಟಲಿಗೆ ಮಾತ್ರ ನೈಟ್ರಿಕ್ ಆಮ್ಲ ಹಾಕಿ, ಫ್ಲೋರೈಡಿಗೆ ಆಮ್ಲವಿಲ್ಲದ ಪ್ಲಾಸ್ಟಿಕ್ ಬಾಟಲಿ ತುಂಬಿದೆವು. ಇದೆಲ್ಲ ನಿನಗೂ ಗೊತ್ತಿರುವ ಕ್ರಮವೇ. ಹೊಸದಾಗಿದ್ದದ್ದು, ನಮ್ಮ ಹಿರಿಯ ವಿಜ್ಞಾನಿ ಆ ರೈತನ ಅಂಚೆ ವಿಳಾಸವನ್ನು ಮೊದಲು ಬರೆದುಕೊಂಡದ್ದು. ಫಲಿತಾಂಶ ಬಂದ ಮೇಲೆ ಪ್ರತಿ ಅಂಕಿಯ ಅರ್ಥವನ್ನೂ ಬರೆದು ಆತನಿಗೆ ಕಳಿಸಿದರು. ಆತ ಫೋನ್ ಮಾಡಿದಾಗ ಆಕೆ ಎಲ್ಲ ಕೆಲಸ ಬಿಟ್ಟು ಬಹಳ ಹೊತ್ತು ಮಾತಾಡಿದರು.

ಯಲಬುರ್ಗಾದ ಹಳ್ಳಿಯೊಂದರಲ್ಲಿ ನಾವು ವಿದ್ಯಾರ್ಥಿಗಳು ಬಾಟಲಿ ತುಂಬುತ್ತಿದ್ದಾಗ, ಕೈಪಂಪಿನ ಬಳಿ ಕೊಡ ಇಳಿಸಿ ನಿಂತ ತಾಯಿಯೊಬ್ಬರು, "ಈ ನೀರು ಕುಡಿಬಹುದೇನಪಾ?" ಎಂದು ಕೇಳಿದ್ದರು. ವರದಿ ಬಂದ ಮೇಲೆ ತಿಳಿಯುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದನ್ನೇ ಹೇಳಿದೆವು. ವರದಿ ಬಂತು, ಬೈಂಡಾಗಿ ಕಪಾಟು ಸೇರಿತು. ಹಳ್ಳಿಗೆ ಅದನ್ನು ಒಯ್ಯುವುದು ಯಾರ ಕೆಲಸವೂ ಆಗಿರಲಿಲ್ಲ. ಕೆಲವು ವರ್ಷಗಳ ನಂತರ ನಾನು ಹುಡುಕಿಕೊಂಡು ಹೋದಾಗ ಪಂಪು ಬತ್ತಿತ್ತು, ಆ ಮನೆಯವರು ಗುಳೆ ಹೋಗಿದ್ದರು. ಅಮೆರಿಕದ ಎಷ್ಟೋ ಬಾವಿಗಳ ಒಡೆಯರಿಗೆ ಇಂದು ನಾನು ಉತ್ತರ ಬರೆಯುತ್ತೇನೆ, ಆ ತಾಯಿಗೆ ಬರೆಯಲು ವಿಳಾಸವಿಲ್ಲ. ಈ ಕೊರಗು ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ನಿನ್ನ ಅಂಕಿಗಳಿಗೆ ಮೊದಲ ಬೆಲೆ ಕುಷ್ಟಗಿಯಲ್ಲೇ ಇದೆ. ವೀಸಾ ಕಾಗದಗಳ ನಡುವೆ ಬಿಡುವು ಮಾಡಿಕೊಂಡು, ಯಾವ ಓಣಿಯ ಯಾವ ಪಂಪು, ಎಷ್ಟು ಫ್ಲೋರೈಡ್, ಕುಡಿಯಲು ಯಾವುದು ಮೇಲು ಎಂದು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ, ಆಶಾ ಕಾರ್ಯಕರ್ತೆಗೆ ಕೈಯಾರೆ ಕೊಡು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನು ಬಾಯಲ್ಲೇ ಹೇಳು. ಕುದಿಸಿದರೆ ಸಾಕೆಂದು ನಂಬಿದವರು ನಮ್ಮಲ್ಲಿ ಬಹಳ.

ಈ ದೇಶದಲ್ಲಿ ನಾನು ಮನಸಾರೆ ಮೆಚ್ಚುವುದು ಅಂಕಿಗಳು ಜನರ ಮುಂದೆ ತೆರೆದಿರುವುದನ್ನು. 1889ರಲ್ಲಿ ರಿಯೊ ಗ್ರಾಂಡೆ ನದಿಯ ಎಂಬುಡೊದಲ್ಲಿ ನದಿ ಅಳೆಯುವ ತಮ್ಮ ಮೊದಲ ಕೇಂದ್ರ ಇಟ್ಟ ಸರ್ವೇಕ್ಷಣಾ ಸಂಸ್ಥೆಯವರು ಈಗ ಸಾವಿರಾರು ಕಡೆ ನದಿಯ ಮಟ್ಟವನ್ನು, ಹೆಚ್ಚಾಗಿ 15 ನಿಮಿಷಕ್ಕೊಮ್ಮೆ, ದಾಖಲಿಸಿ ಎಲ್ಲರಿಗೂ ತೋರಿಸುತ್ತಾರೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ, ಹೊಳೆದಂಡೆಯಲ್ಲಿರುವ ನಮ್ಮ ಬೀಗರಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತ ಕೂತಿದ್ದೆ. ಅಂಥ ಹೊತ್ತಿನಲ್ಲಿ ಒಂದು ನಂಬಲರ್ಹ ಅಂಕಿ ಮನೆಮಂದಿಗೆ ಎಷ್ಟು ದೊಡ್ಡ ಧೈರ್ಯವೆಂದು ನಿನಗೆ ವಿವರಿಸಬೇಕಿಲ್ಲ.

ಪಂಚಾಯಿತಿಗೆ ಕೊಡುವ ಮೊದಲು ನಿನ್ನ ಪೂರ್ತಿ ಕೋಷ್ಟಕವನ್ನು ನನಗೆ ಕಳಿಸು. ನೀರಿನಲ್ಲಿ ಕರಗಿದ ಧನ, ಋಣ ಅಯಾನುಗಳ (ವಿದ್ಯುದಾವೇಶವಿರುವ ಕಣಗಳ) ಮೊತ್ತ ಒಂದಕ್ಕೊಂದು ಶೇ. 5ರೊಳಗೆ ಹೊಂದಬೇಕು, ಇಲ್ಲದಿದ್ದರೆ ಅಳತೆಯಲ್ಲಿ ತಪ್ಪಿರಬಹುದು. ಹೊಂದುತ್ತದೆಯೇ ಎಂದು ಇಬ್ಬರೂ ಕೂಡಿ ನೋಡೋಣ. ಹೊಂದದ ಬೋರ್‌ವೆಲ್‌ಗಳಿದ್ದರೆ, ನೀನು ಹೊರಡುವ ಮುಂಚೆ ಅಲ್ಲಿಗೆ ಇನ್ನೊಮ್ಮೆ ಹೋಗಿ ನೀರು ತರಲು ಸಮಯವಿರುತ್ತದೆ.