ನಮ್ಮೂರಿಗೆ ಎಟಿಆರ್ ಬದಲು ದೊಡ್ಡ ಜೆಟ್ ಕೊಡಿ ಅಂತ ಮನವಿ ಬರೀತಿದ್ದೇವೆ. ಯಾವ ಊರಿಗೆ ಯಾವ ವಿಮಾನ, ಎಷ್ಟು ಸೀಟು ಅಂತ ಕಂಪನಿಗಳು ಹೇಗೆ ತೀರ್ಮಾನ ಮಾಡುತ್ತವೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ನಕ್ಕಿದ್ದು ನನ್ನನ್ನೇ ನೆನೆಸಿಕೊಂಡು. ಶಿವಮೊಗ್ಗದ ರನ್‌ವೇ 3 ಕಿಲೋಮೀಟರ್‌ಗೂ ಉದ್ದ ಇದೆ, ಆದರೂ ಬರೋದು ಎಟಿಆರ್, ಅಂದರೆ ರೆಕ್ಕೆಯಲ್ಲಿ ಫ್ಯಾನ್ ತಿರುಗೋ ಚಿಕ್ಕ ವಿಮಾನ, ದೊಡ್ಡದು ಬಂದರೆ ಸೀಟು ಜಾಸ್ತಿ, ಸೀಟು ಜಾಸ್ತಿ ಆದರೆ ಟಿಕೆಟ್ ಅಗ್ಗ ಅಂತ ಬರೆದಿದ್ದೀರಿ. ಇದೇ ವಾದವನ್ನು ನಾನು ಹನ್ನೆರಡು ವರ್ಷದ ಹಿಂದೆ ಎಕ್ಸೆಲ್‌ನಲ್ಲಿ ಹಾಕಿ, ಹಸಿರು ಬಣ್ಣ ಬಳಿದು, ಮೀಟಿಂಗ್‌ನಲ್ಲಿ ತೋರಿಸಿ ಒಪ್ಪಿಸಿಯೂ ಬಿಟ್ಟಿದ್ದೆ.

ಆಗ ಒಂದು ವಿಮಾನ ಕಂಪನಿಯ ಶೆಡ್ಯೂಲ್ ವಿಭಾಗದಲ್ಲಿದ್ದೆ. ಹೆಸರು ಬೇಡ. ಯಾವ ವಿಮಾನ ಬೆಳಗ್ಗೆ ಎಲ್ಲಿಂದ ಏಳಬೇಕು, ಹಗಲು ಎಲ್ಲೆಲ್ಲಿ ಸುತ್ತಬೇಕು, ರಾತ್ರಿ ಎಲ್ಲಿ ಮಲಗಬೇಕು ಅಂತ ಗೆರೆ ಎಳೆಯೋದು ನಮ್ಮ ಕೆಲಸ. ಉತ್ತರ ಕರ್ನಾಟಕದ ಒಂದು ಊರಿಗೆ ನಮ್ಮ ಎಟಿಆರ್ ಹೋಗುತ್ತಿತ್ತು. ರಾತ್ರಿ ಅಲ್ಲೇ ನಿಲ್ಲುತ್ತಿತ್ತು. ಬೆಳಗ್ಗೆ 7ಕ್ಕೆ ಎದ್ದು ಬೆಂಗಳೂರಿಗೆ. ಆಮೇಲೆ ಬೇರೆ ಊರುಗಳು, ಮಧ್ಯೆ ಒಂದು ಸಲ ಅಲ್ಲಿಗೆ ಹೋಗಿ ಬರೋದು. ರಾತ್ರಿ 7ಕ್ಕೆ ಬೆಂಗಳೂರಿನಿಂದ ಹೊರಟು ಮತ್ತೆ ಅಲ್ಲೇ ಮಲಗೋದು. ಎಪ್ಪತ್ತು ಚಿಲ್ಲರೆ ಸೀಟು. ಸರಾಸರಿ ತೆಗೆದರೆ ಒಂದು ಹಾರಾಟಕ್ಕೆ 45 ಜನ.

ನನ್ನ ಲೆಕ್ಕ ನೋಡಿ. ದಿನಕ್ಕೆ ಎರಡು ಎಟಿಆರ್ ಅಂದರೆ 90 ಜನ. ನಮ್ಮದೊಂದು 180 ಸೀಟಿನ ಜೆಟ್ ಬೆಳಗ್ಗೆ 11ರಿಂದ ಮಧ್ಯಾಹ್ನ ಒಂದೂವರೆವರೆಗೆ ಬೆಂಗಳೂರಿನಲ್ಲಿ ಸುಮ್ನೆ ನಿಂತಿರುತ್ತಿತ್ತು. ಅದನ್ನೇ ಕಳಿಸಿದರೆ? 90 ಜನ ಹೇಗೂ ಬರ್ತಾರೆ, ಅರ್ಧ ವಿಮಾನ ತುಂಬಿತು. ಸೀಟಿನ ಲೆಕ್ಕದಲ್ಲಿ ಖರ್ಚು ಕಡಿಮೆ, ದರ ಇಳಿಸಿದರೆ ಇನ್ನರ್ಧವೂ ತುಂಬುತ್ತೆ. ಎಟಿಆರ್ ಬಿಡುವಾಗುತ್ತೆ, ಇನ್ನೊಂದು ಊರಿಗೆ ಹಾಕಬಹುದು. ಎಲ್ಲರಿಗೂ ಇಷ್ಟವಾಯಿತು. ಹಿರಿಯರೊಬ್ಬರು ಮಾತ್ರ "ಈ 45 ಜನ ಯಾರು?" ಅಂತ ಕೇಳಿದರು. "ಪ್ಯಾಸೆಂಜರ್ಸ್ ಸರ್" ಅಂದೆ. ಅಷ್ಟು ಬುದ್ಧಿವಂತ.

ಜೆಟ್ ಇಳಿದ ಮೊದಲ ದಿನ ಊರಲ್ಲಿ ಹಬ್ಬ. ಅಗ್ನಿಶಾಮಕ ಗಾಡಿಯಿಂದ ನೀರು ಚಿಮ್ಮಿಸಿದರು, ಪೈಲಟ್‌ಗೆ ಹಾರ, ನಮಗೆಲ್ಲ ಪೇಡೆ. ಒಂದು ವಾರ ಚೆನ್ನಾಗಿತ್ತು. ಮೂರನೇ ವಾರಕ್ಕೆ 90 ಇದ್ದದ್ದು 60ಕ್ಕೆ ಇಳಿಯಿತು. ದರ ಇನ್ನೂ ಇಳಿಸಿದೆವು. 65 ಆಯಿತು. 180 ಸೀಟಿನಲ್ಲಿ 65 ಜನ ಕೂತರೆ ಒಳಗೆ ಹೇಗೆ ಕಾಣುತ್ತೆ ಗೊತ್ತಾ? ಮದುವೆ ಊಟದ ಮೂರನೇ ಪಂಕ್ತಿ ಥರ. ಎಲೆ ಹಾಸಿದ್ದಾರೆ, ಕೂರೋರು ಇಲ್ಲ.

ನೋಡಿಕೊಂಡು ಬಾ ಅಂತ ನನ್ನನ್ನೇ ಆ ಊರಿಗೆ ಕಳಿಸಿದರು. ಚೆಕ್-ಇನ್ ಕೌಂಟರ್ ಪಕ್ಕ ನಿಂತಿದ್ದೆ. ನಮ್ಮ ಖಾಯಂ ಗಿರಾಕಿಯಾಗಿದ್ದ ಕಂಟ್ರಾಕ್ಟರ್ ಒಬ್ಬರು ಬಂದರು, ಪ್ರಯಾಣಕ್ಕಲ್ಲ, ಯಾರನ್ನೋ ಬಿಡೋಕೆ. ನಾನು ಕಂಪನಿಯವನು ಅಂತ ಗೊತ್ತಾದ ಕೂಡಲೇ ಶುರು ಮಾಡಿದರು.

"ಸಾಹೇಬ್ರ, ದೊಡ್ಡ ಇಮಾನ ತಂದೀರಿ, ಛಲೋ ಆತು. ಆದ್ರ ಒಂದೂವರಿಗೆ ಬೆಂಗಳೂರಾಗ ಇಳದು ನಾ ಏನ್ ಮಾಡ್ಲಿ? ವಿಧಾನಸೌಧ ಮುಟ್ಟೂದ್ರಾಗ ನಾಕು ಹೊಡೀತದ. ಫೈಲ್ ನೋಡಾಂವ ಚಾ ಕುಡಿಯಾಕ ಹೋಗಿರ್ತಾನ. ಮತ್ತ ರಾತ್ರಿ ಲಾಡ್ಜಿಗೆ ರೊಕ್ಕ. ಅದರ ಬದ್ಲಿ ಸ್ಲೀಪರ್ ಬಸ್ಸಿನ್ಯಾಗ ಮಲಗಿದ್ರ ಮುಂಜಾನಿ ಆರಕ್ಕ ಮೆಜೆಸ್ಟಿಕ್."

ನನ್ನ ತಪ್ಪು ಇಲ್ಲೇ ಇತ್ತು. ಸ್ವಲ್ಪ ಎಳೆದು ಹೇಳುತ್ತೇನೆ, ಯಾಕಂದ್ರೆ ನಿಮ್ಮ ಮನವಿಯಲ್ಲೂ ಇದೇ ಇದೆ.

45 ಅನ್ನೋದು ಸರಾಸರಿ. ಆದರೆ 45 ಜನ ಕೂತ ಹಾರಾಟ ಆ ಮಾರ್ಗದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಸೋಮವಾರ ಬೆಳಗಿನದು ಭರ್ತಿ. ಶುಕ್ರವಾರ ರಾತ್ರಿಯದು ಭರ್ತಿ. ಮಂಗಳವಾರ ಮಧ್ಯಾಹ್ನದ್ದರಲ್ಲಿ ಇಪ್ಪತ್ತು ಜನ. ಎಲ್ಲ ಕಲಸಿ ಸಾರು ಮಾಡಿದರೆ 45. ಜನ ಬರ್ತಿದ್ದದ್ದು ವಿಮಾನಕ್ಕಲ್ಲ, ಬೆಳಗಿನ 7 ಗಂಟೆಗೆ. ನಾನು ಆ 7 ಗಂಟೆಯನ್ನೇ ತೆಗೆದು, 'ಜನ ಹೇಗೂ ಬರ್ತಾರೆ' ಅಂದುಕೊಂಡೆ.

ಎರಡನೆಯದು ಇನ್ನೂ ಕೆಟ್ಟದ್ದು. ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರೋ ಒಬ್ಬ ಮನುಷ್ಯ ನನ್ನ ಹಾಳೆಯಲ್ಲಿ ಇಬ್ಬರಾಗಿ ಕಾಣುತ್ತಿದ್ದ. ಹೋಗುವಾಗ ಒಂದು ಸೀಟು, ಬರುವಾಗ ಒಂದು. ಅವನಿಗೆ ಬೆಳಗಿನದು ಸಿಗದಿದ್ದರೆ ರಾತ್ರಿಯದೂ ಬೇಡ. ಅಂದರೆ ಒಬ್ಬ ಹೋದರೆ ಎರಡು ಸೀಟು ಖಾಲಿ. ಅವನೇ ಜಾಸ್ತಿ ದುಡ್ಡು ಕೊಡುವವನು ಕೂಡ. ಹಿಂದಿನ ದಿನ ಟಿಕೆಟ್ ತಗೊಳ್ಳೋನು, ದರ ಕೇಳದೋನು. ಮೂರು ತಿಂಗಳ ಮುಂಚೆ ಆಫರ್‌ನಲ್ಲಿ ತಗೊಂಡ ಕುಟುಂಬದ ನಾಲ್ಕು ಟಿಕೆಟ್ ಸೇರಿದರೂ ಅವನೊಬ್ಬನ ಟಿಕೆಟ್‌ಗೆ ಸಮ ಆಗದ ದಿನಗಳಿದ್ದವು.

ಮೂರನೆಯದು, ಸೋಮವಾರ ಸೀಟಿಲ್ಲ ಅಂತ ವಾಪಸ್ ಹೋದವರು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಟಿಕೆಟ್ ಸಿಕ್ಕವರ ಲೆಕ್ಕ ಇರುತ್ತೆ, ಸಿಗದವರದು ಎಲ್ಲಿರುತ್ತೆ? ಹಿರಿಯರು "ಈ 45 ಜನ ಯಾರು" ಅಂದದ್ದು ಇದನ್ನೇ. ನನಗೆ ಅರ್ಥ ಆಗಿದ್ದು ಆ ಕೌಂಟರ್ ಪಕ್ಕದಲ್ಲಿ.

ಸರಿಪಡಿಸೋಣ ಅಂದರೆ ಎಟಿಆರ್ ಆಗಲೇ ಬೇರೆ ಊರಿಗೆ ಹೋಗಿತ್ತು. ಬೆಂಗಳೂರಿನ ಬೆಳಗಿನ ಸ್ಲಾಟ್, ಅಂದರೆ ಇಳಿಯೋಕೆ ಏಳೋಕೆ ನಿಲ್ದಾಣದವರು ಕೊಡೋ ಹೊತ್ತು, ಕೈತಪ್ಪಿತ್ತು. ವಿಮಾನದ ವೇಳಾಪಟ್ಟಿಗೆ ವರ್ಷಕ್ಕೆ ಎರಡೇ ಸೀಸನ್. ಬೇಸಿಗೆಯದು ಮಾರ್ಚ್ ಕೊನೆಯ ಭಾನುವಾರ ಶುರು, ಚಳಿಗಾಲದ್ದು ಅಕ್ಟೋಬರ್ ಕೊನೆಗೆ. ಅಕ್ಟೋಬರ್‌ವರೆಗೆ ಕಾದೆವು. ಎಟಿಆರ್ ವಾಪಸ್ ಬಂದ ಮೇಲೂ ಹಳೆ ಗಿರಾಕಿಗಳು ಬಸ್ಸಿನಿಂದ ಇಳಿಯೋಕೆ ತಿಂಗಳುಗಟ್ಟಲೆ ಬೇಕಾಯಿತು. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ. ರನ್‌ವೇ ಉದ್ದ ಇದ್ದರೆ ದೊಡ್ಡ ವಿಮಾನ ಇಳಿಯಬಹುದು, ಅಷ್ಟೇ. ಬರಬೇಕು ಅಂತೇನಿಲ್ಲ. ಮೈಸೂರಿನ ಮಂಡಕಳ್ಳಿಯ ರನ್‌ವೇ 1,740 ಮೀಟರ್, ಅಲ್ಲಿ ಎಟಿಆರ್‌ಗೆ ಅದು ಧಾರಾಳ ಸಾಕು. ನಿಮ್ಮಲ್ಲಿ ಅದರ ಹತ್ತಿರಹತ್ತಿರ ಎರಡರಷ್ಟಿದೆ, ಆದರೂ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಮೊದಲ ವಿಮಾನ ಎಟಿಆರ್‌ನದೇ. ಕಾರಣ ದೂರ. ನೇರ ಗೆರೆ ಎಳೆದರೆ ದೇವನಹಳ್ಳಿಯಿಂದ ನಿಮ್ಮ ಸೋಗಾನೆ ವಿಮಾನ ನಿಲ್ದಾಣಕ್ಕೆ ಸುಮಾರು 240 ಕಿ.ಮೀ. ಜೆಟ್ ಎತ್ತರಕ್ಕೆ ಏರಿ ಉಸಿರು ಬಿಡೋಷ್ಟರಲ್ಲಿ ಇಳಿಯೋಕೆ ಶುರು ಮಾಡಬೇಕು. ಅದು ಇಂಧನ ಉಳಿಸೋದು ಮೇಲೆ ಗಂಟೆಗಟ್ಟಲೆ ಹಾರುವಾಗ. ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ., ಜೆಟ್ 800ಕ್ಕೂ ಮೇಲೆ. ಕೇಳೋಕೆ ದೊಡ್ಡ ವ್ಯತ್ಯಾಸ. ಇಷ್ಟು ದೂರಕ್ಕೆ ಉಳಿಯೋದು ಹತ್ತು ನಿಮಿಷ. ಹೆಬ್ಬಾಳ ಫ್ಲೈಓವರ್ ಹತ್ತಿರ ಒಂದು ಸಿಗ್ನಲ್‌ನಲ್ಲಿ ಅದು ಹೋಗುತ್ತೆ.

ದೂರ ಜಾಸ್ತಿ ಆದರೆ ಸೀಟು ಜಾಸ್ತಿ ಅಂತಲೂ ಅಲ್ಲ. ಜಪಾನಿನ ಎಎನ್‌ಎ ಕಂಪನಿ ದೇಶದೊಳಗಿನ ಹಾರಾಟಕ್ಕೆ ಬೋಯಿಂಗ್ 777-300ರಲ್ಲಿ 514 ಸೀಟು ಹಾಕಿತ್ತು. ಟೋಕಿಯೊದಿಂದ ಸಪ್ಪೊರೊಗೆ ಒಂದೂವರೆ ಗಂಟೆ, ಅಷ್ಟಕ್ಕೆ 514. ಯಾಕಂದ್ರೆ ಹನೇಡಾ ನಿಲ್ದಾಣದಲ್ಲಿ ಇನ್ನೊಂದು ವಿಮಾನ ಇಳಿಸೋಕೆ ಜಾಗ ಸಿಗಲ್ಲ, ಜನ ಮಾತ್ರ ಬೇಕಾದಷ್ಟು. ಇನ್ನೊಂದು ಕಡೆ ಸಿಂಗಾಪುರದಿಂದ ನ್ಯೂಯಾರ್ಕ್‌ಗೆ 15,000 ಕಿ.ಮೀ.ಗೂ ಜಾಸ್ತಿ, ಹದಿನೆಂಟು ಗಂಟೆ. ಆ ಏರ್‌ಬಸ್ ಎ350ರಲ್ಲಿ ಇರೋದು 161 ಸೀಟು. 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಸಾದಾ ಎಕಾನಮಿ ಇಲ್ಲವೇ ಇಲ್ಲ. ಅಷ್ಟು ದೂರಕ್ಕೆ ಇಂಧನವೇ ದೊಡ್ಡ ಭಾರ. ಆ ಇಂಧನವನ್ನು ಹೊರೋಕೂ ಇಂಧನ ಬೇಕು. ಜನ ಕಡಿಮೆ ಮಾಡಿ ಒಬ್ಬೊಬ್ಬರಿಂದ ಜಾಸ್ತಿ ತಗೊಳ್ಳೋದೇ ದಾರಿ.

ಸೀಟು ಜೋಡಿಸೋದರಲ್ಲೂ ಹೀಗೆ ಚಿಲ್ಲರೆ ಲೆಕ್ಕಗಳೇ. ಇಂಡಿಗೊದ ಎಟಿಆರ್‌ನಲ್ಲಿ 78 ಸೀಟು. 80 ಯಾಕಿಲ್ಲ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ದೇಶದೊಳಗೆ ಹಾರುವ 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕ ಇಲ್ಲ ಅನ್ನೋ ರಿಯಾಯಿತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಜೊತೆಗೆ 50 ಸೀಟಿಗೊಬ್ಬರು ಕ್ಯಾಬಿನ್ ಸಿಬ್ಬಂದಿ ಬೇಕು. 78ಕ್ಕೆ ಇಬ್ಬರು ಸಾಕು, 180ಕ್ಕೆ ನಾಲ್ವರು. ಏರ್‌ಬಸ್ ಎ320 ಜೆಟ್‌ನಲ್ಲಿ 180 ಇದ್ದದ್ದು 186 ಆಗಿದ್ದು ಹೇಗೆ ಅಂತ ನೋಡಬೇಕಾದರೆ ಹಿಂದಿನ ಟಾಯ್ಲೆಟ್‌ಗೆ ಹೋಗಿ ಒಂದು ಸಲ ತಿರುಗಿ ನೋಡಿ. ಅಡುಗೆ ಜಾಗವನ್ನೂ ಟಾಯ್ಲೆಟ್ಟನ್ನೂ ಬಾಲದ ತುದಿಗೆ ಒತ್ತಿ ಒಂದು ಸಾಲು ಗಿಟ್ಟಿಸಿಕೊಂಡಿದ್ದಾರೆ. ಹಾಗಂತ ಎಷ್ಟು ಬೇಕಾದರೂ ತುರುಕೋಕಾಗಲ್ಲ. ಅರ್ಧ ಬಾಗಿಲು ಮುಚ್ಚಿದ್ದರೂ ತುಂಬಿದ ವಿಮಾನದಿಂದ ಎಲ್ಲರೂ 90 ಸೆಕೆಂಡಿನಲ್ಲಿ ಹೊರಗೆ ಬರಬೇಕು ಅನ್ನೋ ಪರೀಕ್ಷೆ ಇದೆ. ಸೀಟಿನ ಸಂಖ್ಯೆಗೆ ಕಡಿವಾಣ ಹಾಕೋದು ಬಾಗಿಲುಗಳು.

ಇನ್ನೊಂದು, ಕೇಳದಿದ್ದರೂ ಹೇಳ್ತೀನಿ. ಮಂಡಿನೋವಿನ ಅಪ್ಪ ಅಮ್ಮನಿಗೆ ಬೇಗ ಇಳಿಯಲಿ ಅಂತ ಎಟಿಆರ್‌ನಲ್ಲಿ ದುಡ್ಡು ಕೊಟ್ಟು ಮುಂದಿನ ಸೀಟು ತಗೋಬೇಡಿ. ಅದಕ್ಕೆ ಜನ ಹತ್ತೋ ಬಾಗಿಲು ಹಿಂದೆ ಇರೋದು, ಮುಂದೆ ಲಗೇಜಿನ ಜಾಗ. ಮೊದಲ ಸಾಲಿನವರು ಕೊನೆಗೆ ಇಳೀತಾರೆ.

ಹಾಗಾದರೆ ಮನವಿಯಲ್ಲಿ ಏನು ಬರೆಯಬೇಕು? 'ದೊಡ್ಡ ಜೆಟ್' ಅನ್ನೋದನ್ನು ತೆಗೆಯಿರಿ. ಕಂಪನಿಯವರು ಒಪ್ಪಿಬಿಟ್ಟರೆ ಅಪಾಯ ನಿಮಗೇ. ದಿನಕ್ಕೊಂದು ಜೆಟ್, ಅದೂ ಅವರಿಗೆ ಬೇಡದ ಮಧ್ಯಾಹ್ನದ ಹೊತ್ತಿಗೆ ಬರುತ್ತೆ. ನನ್ನಂಥವನೊಬ್ಬ ಅಲ್ಲೂ ಕೂತಿರ್ತಾನೆ. ಆರು ತಿಂಗಳು ಖಾಲಿ ಓಡಿ, 'ಈ ಊರಲ್ಲಿ ಜನ ಇಲ್ಲ' ಅಂತ ಬರೆದುಕೊಂಡು ಹೋಗುತ್ತೆ. ಆ ಷರಾ ಅಳಿಸೋದು ಬಹಳ ಕಷ್ಟ.

ನೀವು ಕೇಳಬೇಕಾದ್ದು ಹೊತ್ತು. ಬೆಳಗ್ಗೆ ಎಂಟೂವರೆ ಒಳಗೆ ಬೆಂಗಳೂರು, ಸಂಜೆ ಏಳರ ನಂತರ ವಾಪಸ್. ನಿಮ್ಮ ನಿಜವಾದ ಸ್ಪರ್ಧೆ ಬೆಳಗಿನ ಜನಶತಾಬ್ದಿ ಜೊತೆ, ರಾತ್ರಿ ರೈಲು, ರಾತ್ರಿ ಬಸ್ಸಿನ ಜೊತೆ. ಇವು ಜನರ ಹಗಲು ಹಾಳು ಮಾಡಲ್ಲ. ವಿಮಾನ ಹಾಳು ಮಾಡಿದರೆ ಯಾರು ಹತ್ತುತ್ತಾರೆ? ಬೆಳಗ್ಗೆ ಬೇಗ ಹೊರಡಬೇಕಾದರೆ ವಿಮಾನ ನಿಮ್ಮೂರಲ್ಲೇ ಮಲಗಬೇಕು. ಮಲಗಬೇಕಾದರೆ ಕತ್ತಲಾದ ಮೇಲೆ ಇಳಿಯೋ ವ್ಯವಸ್ಥೆ ಬೇಕು, ಸಿಬ್ಬಂದಿಗೆ ಹೋಟೆಲ್ ಬೇಕು, ಒಬ್ಬ ಎಂಜಿನಿಯರ್ ಬೇಕು. ಮಲೆನಾಡಿನ ಮಂಜು ಬೇರೆ. ಕಣ್ಣಳತೆಯಲ್ಲೇ ಇಳಿಯೋದಾದರೆ 5 ಕಿ.ಮೀ. ದೂರ ಕಾಣಬೇಕು. ಜುಲೈನಲ್ಲಿ ಅದನ್ನು ನಂಬಿಕೊಂಡು ಯಾರು ಟಿಕೆಟ್ ತಗೋತಾರೆ? ಉಪಕರಣದ ನೆರವಿನಿಂದ ಇಳಿಯೋದು, ರಾತ್ರಿ ದೀಪ, ಇವುಗಳ ಪರಿಸ್ಥಿತಿ ಏನು ಅಂತ ನಿಲ್ದಾಣದವರನ್ನು ಲಿಖಿತವಾಗಿ ಕೇಳಿ. ವಿಮಾನದ ಉದ್ದ ಹೆಚ್ಚಿದಂತೆ ಅಗ್ನಿಶಾಮಕ ವ್ಯವಸ್ಥೆಯೂ ಮೇಲಿನ ವರ್ಗದ್ದು ಬೇಕು, ಎಟಿಆರ್‌ಗಿಂತ ಎ320ಗೆ ಒಂದು ವರ್ಗ ಮೇಲೆ. ಮನವಿ ಹೋಗಬೇಕಾದ್ದು ಇಂಥದ್ದಕ್ಕೆ ದುಡ್ಡು ಕೊಡುವವರಿಗೆ, ವಿಮಾನ ಕಂಪನಿಗೆ ಮಾತ್ರ ಅಲ್ಲ.

ಅಡಿಕೆ ಸಾಗಿಸಬಹುದು ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಅದನ್ನೂ ಹೊಡೆದು ಹಾಕಿ. ವಿಮಾನದಲ್ಲಿ ಹೋಗೋದು ಬಾಡೋ ವಸ್ತು. ಬೆಂಗಳೂರಿನಿಂದ ಫೆಬ್ರವರಿಯಲ್ಲಿ ಗುಲಾಬಿ ಹೋಗುತ್ತೆ, ಎರಡು ದಿನ ತಡವಾದರೆ ಅದು ಕಸ. ಅಡಿಕೆ ಲಾರಿಯಲ್ಲಿ ನೆಮ್ಮದಿಯಾಗಿ ಹೋಗುತ್ತೆ, ಅದಕ್ಕೇನು ಅವಸರ?

ಕೊನೆಗೆ ಒಂದು ಕೆಲಸ ಮಾಡಿ. ಸಹಿ ಸಂಗ್ರಹ ಬಿಡಿ. ಸಾವಿರ ಸಹಿ ನೋಡಿ ಯಾವ ಶೆಡ್ಯೂಲ್ ವಿಭಾಗದವನೂ ಗೆರೆ ಬದಲಿಸಲ್ಲ. ಒಂದು ವಾರ ಬೆಳಗ್ಗೆ ರೈಲು ನಿಲ್ದಾಣದಲ್ಲಿ, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ. ಬೆಂಗಳೂರಲ್ಲಿ ಎಷ್ಟು ಹೊತ್ತಿಗೆ ಕೆಲಸ, ಯಾವತ್ತು ವಾಪಸ್, ಟಿಕೆಟ್ ಯಾರ ದುಡ್ಡು, ಸ್ವಂತದ್ದೋ ಕಂಪನಿಯದೋ. ವೈದ್ಯರು, ವಕೀಲರು, ಕಾಲೇಜಿನವರು, ಅಡಿಕೆ ಮಂಡಿಯವರು, ಎಲ್ಲರನ್ನೂ ಕೇಳಿ. ಸರಾಸರಿ ಮಾತ್ರ ತೆಗೀಬೇಡಿ, ದಿನ ದಿನದ್ದು ಬೇರೆ ಬೇರೆ ಬರೆಯಿರಿ. ಹಾಳೆ ಆದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ. ಸೋಮವಾರದ ಸಾಲನ್ನು ಮೊದಲು ನೋಡ್ತೀನಿ.