ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರುವವರು ವ್ಯಾಯಾಮ ಮಾಡಬೇಕೋ ಬಾರದೋ? ವೈದ್ಯರಲ್ಲೇ ಒಮ್ಮತ ಇಲ್ಲದಿದ್ದರೆ ಯಾರನ್ನು ನಂಬುವುದು?

ಕೋವಿಡ್ ಬಂದು ಹೋದ ಮೇಲೆ ನಿಮ್ಮ ತಂಗಿಗೆ ಸುಸ್ತು ಬಿಟ್ಟೇ ಇಲ್ಲ, ಬ್ಲಡ್ ರಿಪೋರ್ಟೆಲ್ಲ ನಾರ್ಮಲ್, ಕೊನೆಗೊಬ್ಬ ಡಾಕ್ಟರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಹೇಳಿ, ವಾರವಾರಕ್ಕೆ ಹೆಚ್ಚಿಸುತ್ತಾ ಹೋಗುವ ವ್ಯಾಯಾಮ ಬರೆದುಕೊಟ್ಟಿದ್ದಾರೆ. ನೆಟ್‌ನಲ್ಲಿ ನೋಡಿದರೆ ಅದೇ ಅಪಾಯ ಅಂತ ರೋಗಿಗಳು ಬರೆದಿದ್ದಾರೆ. ಯಾರನ್ನು ನಂಬಲಿ ಎಂದು ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಚಿಕೂನ್‌ಗುನ್ಯಾ ಆದ ಮೇಲೆ ಇದೇ ಕಾಯಿಲೆಗೆ ಬಿದ್ದವಳು. ಓದಲು ಆಗುವ ದಿನಗಳಲ್ಲಿ ಮಲಗಿದಲ್ಲೇ ಇದರ ಸಂಶೋಧನಾ ಲೇಖನಗಳನ್ನು ಓದುತ್ತಾ ಬಂದಿದ್ದೇನೆ. ನನ್ನ ಉತ್ತರ ಇಷ್ಟು: ಮೈಗೆ ಸ್ವಲ್ಪ ಶ್ರಮವಾದ ಮರುದಿನವೋ ಅದರ ಮಾರನೆಯ ದಿನವೋ ತಂಗಿ ಹಾಸಿಗೆ ಹಿಡಿಯುತ್ತಾಳೆ ಅಂತಾದರೆ, ಆ ಚೀಟಿಯ ಪ್ರಕಾರ ವ್ಯಾಯಾಮ ಏರಿಸುತ್ತಾ ಹೋಗಬೇಡಿ. ಡಾಕ್ಟರ ಹತ್ತಿರ ಮತ್ತೆ ಹೋಗಿ ಮಾತಾಡಿ. ಅವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಬಹಳ ಕಾಲ ಪಠ್ಯಗಳಲ್ಲಿ ಇದ್ದದ್ದೇ ಆ ಸಲಹೆ. ಅದಕ್ಕೆ ಆಧಾರವಾಗಿದ್ದ ಸಂಶೋಧನೆ ಹೇಗೆ ಕುಸಿಯಿತು ಅನ್ನುವುದು ಗೊತ್ತಾದರೆ ನಿಮ್ಮ ಗೊಂದಲ ಬಹುಪಾಲು ತೀರುತ್ತದೆ. ಹಾಗಾಗಿ ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲೇ ಸುಮಾರು ಮುನ್ನೂರು ಜನಕ್ಕೆ ಇಂಥ ಕಾಯಿಲೆ ಹಬ್ಬಿ, ಆಸ್ಪತ್ರೆಯನ್ನೇ ಕೆಲವು ತಿಂಗಳು ಮುಚ್ಚಬೇಕಾಯಿತು. ಮರುವರ್ಷ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಇದಕ್ಕೆ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಎಂಬ ಹೆಸರು ಕೊಟ್ಟಿತು. ಕ್ರಾನಿಕ್ ಫಟೀಗ್ ಸಿಂಡ್ರೋಮನ್ನು ಇವತ್ತು ಎಂಇ ಎಂದೂ ಕರೆಯುವುದು ಈ ಹೆಸರಿನಿಂದಲೇ. ಆದರೆ 1970ರಲ್ಲಿ ಇಬ್ಬರು ಮನೋವೈದ್ಯರು ಒಬ್ಬ ರೋಗಿಯನ್ನೂ ಪರೀಕ್ಷಿಸದೆ, ಹಳೆಯ ದಾಖಲೆ ನೋಡಿಯೇ, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಅನ್ನುವುದೂ ಅವರ ವಾದದ ಒಂದು ಆಧಾರವಾಗಿತ್ತು. ಆ ಒಂದು ಬರಹ ನಮ್ಮಂಥವರಿಗೆ ಮಾಡಿದ ಹಾನಿ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಮುಂದೆ ಬ್ರಿಟನ್ನಿನಲ್ಲಿ ಒಂದು ಸಿದ್ಧಾಂತ ಬೇರೂರಿತು. ವೈರಸ್ ಯಾವತ್ತೋ ಹೋಗಿದೆ, ಈಗ ಉಳಿದಿರುವುದು ಶ್ರಮದ ಭಯ ಮತ್ತು ಸುಮ್ಮನೆ ಮಲಗಿ ಮಲಗಿ ಸೊರಗಿದ ಮೈ. ಆದ್ದರಿಂದ ಸಿಬಿಟಿ ಎಂಬ ಬಗೆಯ ಆಪ್ತಸಮಾಲೋಚನೆಯಿಂದ ಭಯ ಬಿಡಿಸಿ, ವ್ಯಾಯಾಮ ಮೆಲ್ಲಗೆ ಏರಿಸಿ. ಇದನ್ನು ಸಾಬೀತು ಮಾಡಲು ನಡೆದದ್ದು ಪೇಸ್ ಎಂಬ ಪ್ರಯೋಗ. 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಖರ್ಚು. 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಎರಡೂ ಚಿಕಿತ್ಸೆ ಸಾಧಾರಣ ಮಟ್ಟಿಗೆ ಫಲಕಾರಿ. 2013ರ ಇನ್ನೊಂದು ಲೇಖನ ಇನ್ನೂ ಮುಂದೆ ಹೋಗಿ, ಈ ಎರಡು ಗುಂಪುಗಳಲ್ಲಿ ನೂರಕ್ಕೆ 22 ಜನ ಗುಣವಾದರು ಎಂದಿತು. ಮಾಮೂಲಿ ವೈದ್ಯಕೀಯ ಆರೈಕೆಯಷ್ಟೇ ಸಿಕ್ಕವರಲ್ಲಿ ಗುಣವಾದದ್ದು ನೂರಕ್ಕೆ 7.

ಆ ಲೇಖನಗಳ ಕೋಷ್ಟಕಗಳನ್ನು ಸಾಲುಸಾಲಾಗಿ ಓದಿದವರು ರೋಗಿಗಳು. ದೈಹಿಕ ಸಾಮರ್ಥ್ಯ ಅಳೆಯಲು ಸೊನ್ನೆಯಿಂದ ನೂರರವರೆಗಿನ ಒಂದು ಪ್ರಶ್ನಾವಳಿ ಇತ್ತು. ಪ್ರಯೋಗಕ್ಕೆ ಸೇರಬೇಕಾದರೆ ಅಂಕ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗುಣವಾದರು ಅನ್ನಲು 85 ಬೇಕು ಎಂದು ಮೊದಲು ಬರೆದಿಟ್ಟಿದ್ದರು. ಆಮೇಲೆ ಅದನ್ನು 60ಕ್ಕೆ ಇಳಿಸಿದರು. ಪರೀಕ್ಷೆ ಬರೆದಾದ ಮೇಲೆ ಪಾಸ್ ಮಾರ್ಕ್ಸ್ ಇಳಿಸಿದ ಹಾಗೆ. 65 ಅಂಕದೊಂದಿಗೆ ಸೇರಿದವಳು ಇನ್ನೂ ಹದಗೆಟ್ಟು 60ಕ್ಕೆ ಬಂದರೂ, ಆ ಒಂದು ಮಾನದಂಡದ ಮಟ್ಟಿಗೆ ಗುಣವಾದವಳೇ! ದಣಿವಿಗೂ ದೈಹಿಕ ಸಾಮರ್ಥ್ಯಕ್ಕೂ ಹಾಕಿದ ಈ ಹೊಸ ಗೆರೆಗಳಲ್ಲಿ ಒಂದನ್ನಾದರೂ ಸೇರುವ ದಿನವೇ ದಾಟಿದ್ದವರು ನೂರಕ್ಕೆ 13 ಮಂದಿ.

ಮೂಲ ನಿಯಮದಂತೆ ಲೆಕ್ಕ ಹಾಕಿದರೆ ಏನು ಬರುತ್ತದೆ ಎಂದು ನೋಡಲು ಹೆಸರು ತೆಗೆದ ದತ್ತಾಂಶ ಕೊಡಿ ಎಂದು ಆಸ್ಟ್ರೇಲಿಯಾದ ರೋಗಿ ಅಲೆಮ್ ಮ್ಯಾಥೀಸ್, ನಮ್ಮ ಆರ್‌ಟಿಐಯಂಥ ಬ್ರಿಟನ್ನಿನ ಕಾನೂನಿನಡಿ ಅರ್ಜಿ ಹಾಕಿದರು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲು ಒಪ್ಪದೆ ನ್ಯಾಯಮಂಡಳಿಯವರೆಗೆ ಹೋಯಿತು. 2016ರ ಆಗಸ್ಟಿನಲ್ಲಿ ಕೊಡಲೇಬೇಕು ಎಂದು ಆದೇಶವಾಯಿತು. ಮೂಲ ನಿಯಮದಂತೆ ಲೆಕ್ಕ ಹಾಕಿದಾಗ ಗುಣವಾದವರು ಆಪ್ತಸಮಾಲೋಚನೆಯ ಗುಂಪಿನಲ್ಲಿ ನೂರಕ್ಕೆ 7, ವ್ಯಾಯಾಮದ ಗುಂಪಿನಲ್ಲಿ 4, ಮಾಮೂಲಿ ಆರೈಕೆಯಲ್ಲಿ 3. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ವ್ಯಾಯಾಮದ ಗುಂಪಿನವರು ಒಂದು ವರ್ಷದ ಬಳಿಕ ಆರು ನಿಮಿಷದಲ್ಲಿ ನಡೆದದ್ದು ಸರಾಸರಿ 379 ಮೀಟರ್, ಆರೋಗ್ಯವಂತರಿಗಿಂತ ಎಷ್ಟೋ ಕಡಿಮೆ.

ಇನ್ನೊಂದು ಮುಖ್ಯ ಸಂಗತಿ. ಪೇಸ್‌ನಲ್ಲಿ ಆದ ಹಾಗೆ, ಯಾವ ಚಿಕಿತ್ಸೆ ಸಿಗುತ್ತಿದೆ ಅನ್ನುವುದು ರೋಗಿಗೆ ಗೊತ್ತಿದ್ದು, ಸುಧಾರಿಸಿತೋ ಇಲ್ಲವೋ ಅನ್ನುವುದನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡರೆ ಆ ಉತ್ತರ ಎಷ್ಟು ಗಟ್ಟಿ? ಈ ಪ್ರಶ್ನೆಯನ್ನು ನಮಗೆ ಇಷ್ಟವಾದ ಸಂಶೋಧನೆಗೂ ಕೇಳಬೇಕು, ಕೇಳದಿದ್ದರೆ ಅನ್ಯಾಯ. ನಾರ್ವೆಯ ಬರ್ಗೆನ್‌ನಲ್ಲಿ ಫ್ಲೂಗೆ ಮತ್ತು ಮೆಲ್ಲಾ ಎಂಬ ಇಬ್ಬರು ಕ್ಯಾನ್ಸರ್ ವೈದ್ಯರು ರಿಟುಕ್ಸಿಮ್ಯಾಬ್ ಎಂಬ ಔಷಧಿ ನಮಗೆ ಕೆಲಸ ಮಾಡುವಂತಿದೆ ಎಂದು 2011ರಲ್ಲಿ ಸಣ್ಣ ಅಧ್ಯಯನ ಪ್ರಕಟಿಸಿದಾಗ ಜಗತ್ತಿನ ರೋಗಿಗಳೆಲ್ಲ ಆಸೆಯಿಂದ ಕಾದಿದ್ದರು. ಅವರೇ ಮುಂದೆ 151 ಜನರ ಮೇಲೆ, ಯಾರಿಗೆ ಔಷಧಿ ಯಾರಿಗೆ ಔಷಧಿಯಿಲ್ಲದ ಡ್ರಿಪ್ ಎಂದು ಯಾರಿಗೂ ತಿಳಿಯದ ಹಾಗೆ ದೊಡ್ಡ ಪ್ರಯೋಗ ಮಾಡಿದರು. ಔಷಧಿ ಪಡೆದವರಲ್ಲಿ ನೂರಕ್ಕೆ 26, ಪಡೆಯದವರಲ್ಲಿ 35 ಮಂದಿ ಸುಧಾರಿಸಿದರು. ಕೆಲಸ ಮಾಡಲಿಲ್ಲ ಎಂದು 2019ರಲ್ಲಿ ಅವರೇ ಪ್ರಕಟಿಸಿದರು. ನನ್ನ ಮಟ್ಟಿಗೆ ನಂಬಿಕೆಗೆ ಅರ್ಹರು ಇಂಥವರು. ಅದಕ್ಕೂ ಮುಂಚೆ, 2009ರಲ್ಲಿ, ಎಕ್ಸ್‌ಎಂಆರ್‌ವಿ ಎಂಬ ವೈರಸ್ಸೇ ಕಾರಣ ಎಂದು ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು ಪ್ರಯೋಗಾಲಯದ ಕಲಬೆರಕೆ ಎಂದು ಸಾಬೀತಾಗಿ, 2011ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಷ್ಟರಲ್ಲಿ ಕೆಲವು ರೋಗಿಗಳು ಎಚ್‌ಐವಿ ಮಾತ್ರೆಗಳನ್ನೂ ನುಂಗಿದ್ದರು. ಹಾಗಾಗಿ ಯೂಟ್ಯೂಬಿನಲ್ಲಿ ಯಾರಾದರೂ ಮೂಲಕಾರಣ ಸಿಕ್ಕಿತು ಎಂದು ಪ್ಯಾಕೇಜ್ ಮಾರಲು ಬಂದರೆ ದುಡ್ಡು ಕೊಡಬೇಡಿ.

ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ವ್ಯಾಯಾಮ ಮತ್ತು ಆಪ್ತಸಮಾಲೋಚನೆಯ ಪ್ರಯೋಗಗಳನ್ನೆಲ್ಲ ತೂಗಿ ನೋಡಿ, ಪುರಾವೆಯ ಗುಣಮಟ್ಟ ಕಡಿಮೆ ಅಥವಾ ತೀರಾ ಕಡಿಮೆ ಎಂದು ತೀರ್ಮಾನಿಸಿತು. 2007ರಲ್ಲಿ ತಾನೇ ಶಿಫಾರಸು ಮಾಡಿದ್ದ ಏರಿಕೆ ವ್ಯಾಯಾಮವನ್ನು 2021ರ ಅಕ್ಟೋಬರ್ 29ರಂದು ಕೈಬಿಟ್ಟಿತು. ಆಪ್ತಸಮಾಲೋಚನೆಯನ್ನು ಕಾಯಿಲೆಯೊಂದಿಗೆ ಬದುಕಲು ನೆರವಾಗಿ ಕೊಡಬಹುದು, ಗುಣಪಡಿಸುವ ಚಿಕಿತ್ಸೆಯಾಗಿ ಅಲ್ಲ ಎಂದಿತು. ಅಲ್ಲಿನ ಕೆಲವು ವೈದ್ಯರು ಇದನ್ನು ಇನ್ನೂ ಒಪ್ಪಿಲ್ಲ. ನಿಮಗೆ ಎರಡು ಥರದ ಮಾತು ಕೇಳಿಸುತ್ತಿರುವುದು ಅದಕ್ಕೇ.

ಇನ್ನು ಮೈಯಲ್ಲಿ ಏನಾಗುತ್ತದೆ ಅನ್ನುವುದು. 2024ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತಂಡವೊಂದು ಲಾಂಗ್ ಕೋವಿಡ್ (ಕೋವಿಡ್ ಹೋದ ಮೇಲೂ ಬಿಡದೆ ಕಾಡುವ ಕಾಯಿಲೆ) ಇದ್ದ 25 ಜನರ ತೊಡೆಯ ಸ್ನಾಯುವಿನ ಚೂರನ್ನು ವ್ಯಾಯಾಮಕ್ಕೆ ಮೊದಲು ಒಮ್ಮೆ, ಮರುದಿನ ಒಮ್ಮೆ ತೆಗೆದು ನೋಡಿತು. ಶ್ರಮದ ಬಳಿಕ ಸ್ನಾಯುವಿಗೆ ಹಾನಿಯಾದದ್ದೂ ಶಕ್ತಿ ತಯಾರಿಕೆ ಇನ್ನಷ್ಟು ಕುಗ್ಗಿದ್ದೂ ಕಂಡಿತು. 2025ರ ಆಗಸ್ಟಿನಲ್ಲಿ ಎಡಿನ್‌ಬರಾದ ಡಿಕೋಡ್‌ಎಂಇ ತಂಡ 15,579 ರೋಗಿಗಳ ಡಿಎನ್‌ಎ ಪರಿಶೀಲಿಸಿ, ಕಾಯಿಲೆಯೊಂದಿಗೆ ನಂಟಿರುವ ಎಂಟು ತಾಣಗಳನ್ನು ಗುರುತಿಸಿತು. ಕೆಲವು ರೋಗನಿರೋಧಕ ವ್ಯವಸ್ಥೆಗೆ, ಕೆಲವು ನರಮಂಡಲಕ್ಕೆ ಸಂಬಂಧಿಸಿದಂಥವು. ಇದರಿಂದ ಔಷಧಿ ಬಂದಿಲ್ಲ, ರಕ್ತಪರೀಕ್ಷೆಯೂ ಬಂದಿಲ್ಲ. ಆದರೂ ಅದನ್ನು ಓದಿದ ದಿನ ನಾನು ಅತ್ತೆ.

ನಿಮ್ಮ ತಂಗಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಸುಸ್ತು ಅಂದರೆ ರಕ್ತಹೀನತೆ, ಥೈರಾಯ್ಡ್, ಬಿ12, ಸಕ್ಕರೆ ಕಾಯಿಲೆ, ಕ್ಷಯ, ಖಿನ್ನತೆ, ಮನೆಕೆಲಸದ ಹೊರೆ, ಏನು ಬೇಕಾದರೂ ಇರಬಹುದು. ಗೋವಾದ ಹೆಂಗಸರ ಮೇಲೆ ನಡೆದು 2005ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 12 ಮಂದಿ ಆರು ತಿಂಗಳಿಗೂ ಮೀರಿದ ಸುಸ್ತಿದೆ ಎಂದಿದ್ದರು. ಅವರಿಗೆಲ್ಲ ಈ ಕಾಯಿಲೆ ಇದೆ ಎಂದಲ್ಲ. ಬೇರೆ ಮಾಡಿ ತೋರಿಸುವ ಗುರುತು ಶ್ರಮದ ನಂತರದ ಕುಸಿತ. ನಾವು ರೋಗಿಗಳು ಕ್ರ್ಯಾಶ್ ಅನ್ನುತ್ತೇವೆ. ತಲೆಗೆ ಸ್ನಾನ ಮಾಡಿದ್ದಕ್ಕೋ, ಮದುವೆಮನೆಗೆ ಹೋಗಿ ಬಂದದ್ದಕ್ಕೋ, ಒಂದು ಗಂಟೆ ಲೆಕ್ಕಪತ್ರ ನೋಡಿದ್ದಕ್ಕೋ, ಒಂದು ದಿನ ಬಿಟ್ಟು ಮೈ ಮುರಿದುಕೊಂಡು ಬೀಳುತ್ತದೆ, ಮಲಗಿದರೂ ಹೋಗುವುದಿಲ್ಲ. ಖಿನ್ನತೆ ಇರುವವರಿಗೆ ನಡಿಗೆಯಿಂದ ಸಾಮಾನ್ಯವಾಗಿ ಹಿತವಾಗುತ್ತದೆ, ನಮಗೆ ಹೀಗಾಗುತ್ತದೆ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಅವಳು ಮಾಡಿದ ಕೆಲಸ, ನಂತರದ ಎರಡು ದಿನ ಹೇಗಿದ್ದಳು, ರಾತ್ರಿ ನಿದ್ದೆ ಹೇಗೆ ಎಂದು ಬರೆದಿಡಿ. ಮಲಗಿದ್ದಾಗಿನ ನಾಡಿಬಡಿತ, ಗೋಡೆಗೆ ಒರಗಿ ಹತ್ತು ನಿಮಿಷ ನಿಂತಾಗಿನ ಬಡಿತ ಎರಡನ್ನೂ ಬರೆಯಿರಿ. ಪಕ್ಕದಲ್ಲಿ ನೀವು ನಿಂತಿರಿ, ತಲೆ ಸುತ್ತಿದರೆ ತಕ್ಷಣ ಮಲಗಿಸಿ. ನಿಂತಾಗ ನಿಮಿಷಕ್ಕೆ ಮೂವತ್ತು ಬಡಿತಕ್ಕಿಂತ ಹೆಚ್ಚು ಏರಿದರೆ ಡಾಕ್ಟರಿಗೆ ತಪ್ಪದೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ. ಆ ಪುಸ್ತಕದ ಜೊತೆ ನೈಸ್‌ನ 2021ರ ಮಾರ್ಗಸೂಚಿಯ ವ್ಯಾಯಾಮದ ಪುಟವನ್ನು ಪ್ರಿಂಟ್ ಹಾಕಿಸಿ ಕೊಂಡೊಯ್ಯಿರಿ. ಬೆಳಿಗ್ಗೆ ಎದ್ದು ವಾಕಿಂಗ್ ಹೋಗು, ಯೋಗ ಮಾಡು, ಎಲ್ಲ ಮನಸ್ಸಿನಲ್ಲಿದೆ ಎಂದು ಮನೆಯವರು ಹೇಳುತ್ತಲೇ ಇರುತ್ತಾರೆ. ಅವಳು ಅದಕ್ಕೆಲ್ಲ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಅಣ್ಣನಾಗಿ ಆ ಉತ್ತರವನ್ನು ನೀವು ಕೊಡಿ.